ಚಳಿಗಾಲಕ್ಕೆ ಬೋಟ್ ಮೇಲೆತ್ತಬೇಕಾ, ನೀರಲ್ಲೇ ಬಿಡಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮದು 28 ಅಡಿಯ ಫೈಬರ್ ಹಾಯಿದೋಣಿ. ಒಳಗೆ ಡೀಸೆಲ್ ಎಂಜಿನ್ ಇದೆ. ಈ ಬೇಸಿಗೆಯಲ್ಲಿ ಕೊಂಡೆವು, ಹಾಗಾಗಿ ಇದು ನಮ್ಮ ಮೊದಲ ಚಳಿಗಾಲ. ನದಿ ಸಮುದ್ರಕ್ಕೆ ಸೇರುವ ಕಡೆ ಜೆಟ್ಟಿಗೆ ಕಟ್ಟಿದ್ದೇವೆ. ನೀರು ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಉಪ್ಪೂ ಅಲ್ಲ. ಕೆಲವು ವರ್ಷ ಅಲ್ಲಿ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತದಂತೆ. ಪಕ್ಕದ ಬೋಟಿನವರು "ನೀರಲ್ಲೇ ಬಿಡಿ, ನೀರು ಗಾಳಿಗಿಂತ ಬೆಚ್ಚಗಿರುತ್ತೆ, ಏನೂ ಆಗಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಮೇಲೆತ್ತದಿದ್ದರೆ ಚಳಿ ಮುಗಿಯುವಾಗ ಬೋಟೇ ಇರಲ್ಲ" ಅಂತ ಹೆದರಿಸುತ್ತಾರೆ. ಕ್ರೇನ್, ಜಾಗದ ಬಾಡಿಗೆ ಎಲ್ಲ ಸೇರಿದರೆ ಖರ್ಚು ಕಡಿಮೆಯಿಲ್ಲ. ಈ ಕೆಲಸದಲ್ಲೇ ಇರುವವರು ಯಾರಾದರೂ ದಾರಿ ಹೇಳಿ.

ಉತ್ತರ (ಬೋಟ್ ಯಾರ್ಡ್ ಮೆಕ್ಯಾನಿಕ್):
ನಮಸ್ಕಾರ. ನಾನು 22 ವರ್ಷದಿಂದ ಯಾರ್ಡಿನಲ್ಲಿ ಎಂಜಿನ್ ಕೆಲಸ, ತಳದ ಕೆಲಸ ಎರಡೂ ಮಾಡುತ್ತಿದ್ದೇನೆ. ಪ್ರತಿ ವರ್ಷ ಈ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ. ಎಲ್ಲರೂ ಎಷ್ಟು ಚಳಿ ಬೀಳಬಹುದು ಅಂತ ಲೆಕ್ಕ ಹಾಕುತ್ತಾರೆ. ನಾನು ಮೊದಲು ಕೇಳುವುದು ಬೇರೆ. ಚಳಿಗಾಲದಲ್ಲಿ ಬೋಟ್ ನೋಡೋಕೆ ಯಾರು ಹೋಗುತ್ತಾರೆ? ಎಷ್ಟು ದಿನಕ್ಕೊಮ್ಮೆ? ಜೋರು ಗಾಳಿ ಬೀಸಿದ ಮರುದಿನ ಹೋಗಲು ಆಗುತ್ತದಾ?

ಇನ್ನೂ ಮೂರು ವಿಷಯ ಬೇಕು. ನೀರಿನ ಮಟ್ಟದ ಕೆಳಗೆ ತಳದಲ್ಲಿ ಎಷ್ಟು ವಾಲ್ವ್ (ನೀರು ಒಳಗೆ-ಹೊರಗೆ ಹೋಗುವ ತೂತುಗಳನ್ನು ಮುಚ್ಚಿ ತೆರೆಯುವವು) ಇವೆ? ಜೆಟ್ಟಿಯಲ್ಲಿ ಕರೆಂಟ್ ಇದೆಯಾ? ವಿಮೆ ಪಾಲಿಸಿಯಲ್ಲಿ ಚಳಿಗಾಲದ ಬಗ್ಗೆ ಏನು ಬರೆದಿದ್ದಾರೆ?

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಮನೆಯಿಂದ ಜೆಟ್ಟಿಗೆ 3 ಗಂಟೆ ದಾರಿ. ತಿಂಗಳಿಗೊಮ್ಮೆ ಹೋಗಬಹುದು, ಅದಕ್ಕಿಂತ ಜಾಸ್ತಿ ಕಷ್ಟ. ವಾಲ್ವ್ 5 ಇವೆ. ಕರೆಂಟ್ ಇದೆ, ಆದರೆ ಗಾಳಿ ಜೋರಾದರೆ ಹೋಗಿಬಿಡುತ್ತದೆ. ಪಾಲಿಸಿ ಈಗಷ್ಟೇ ತೆಗೆದು ನೋಡಿದೆ. ಚಳಿಗಾಲದ ತಿಂಗಳುಗಳಲ್ಲಿ ಬೋಟ್ "ದಡದ ಮೇಲೆ" ಇರಬೇಕು ಅಂತಿದೆ. ಇದನ್ನು ಮೊದಲು ಓದಿರಲೇ ಇಲ್ಲ.

ಉತ್ತರ:
ಹಾಗಿದ್ದರೆ ಮೇಲೆತ್ತಿ. ಪಾಲಿಸಿಯಲ್ಲಿ ದಡ ಅಂತ ಬರೆದು ನೀರಲ್ಲಿ ಬಿಟ್ಟರೆ, ನಾಳೆ ಏನಾದರೂ ಆದಾಗ ಪರಿಹಾರ ಸಿಗುವ ನಂಬಿಕೆ ಇಲ್ಲ. ಆದರೆ ವಿಮೆ ಒಂದಕ್ಕೇ ಈ ಮಾತು ಹೇಳುತ್ತಿಲ್ಲ.

ಚಳಿಗಾಲದಲ್ಲಿ ಬೋಟ್ ಮುಳುಗಿತು ಅಂದರೆ ಮಂಜುಗಡ್ಡೆ ತಳ ಸೀಳಿತು ಅಂತಲೇ ಜನ ತಿಳಿಯುತ್ತಾರೆ. ನಾನು ನೋಡಿದ್ದು ಹೆಚ್ಚಾಗಿ ಹಾಗಲ್ಲ. ಒಂದು ಬೋಟಿನ ಕಥೆ ಹೇಳುತ್ತೇನೆ. ತಳ ಗಟ್ಟಿಯಾಗಿತ್ತು, ವಾಲ್ವ್ ಎಲ್ಲ ಚೆನ್ನಾಗಿದ್ದವು. ಎರಡು ದಿನ ಬಿಡದೆ ಹಿಮ ಬಿತ್ತು. ಡೆಕ್ ಮೇಲೆ, ಹಿಂಭಾಗದಲ್ಲಿ ಹಿಮ ತುಂಬಿಕೊಂಡಿತು. ಆ ಭಾರಕ್ಕೆ ಬೋಟಿನ ಹಿಂಭಾಗ ಕೆಳಗೆ ಕೂತಿತು. ಬಿಲ್ಜ್ ಪಂಪಿನ (ಬೋಟಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪ್) ನೀರು ಹೊರಗೆ ಬೀಳುವ ತೂತು ಯಾವಾಗಲೂ ನೀರಿನಿಂದ ಒಂದು ಗೇಣು ಮೇಲೆ ಇರುತ್ತಿತ್ತು. ಈಗ ಅದೇ ತೂತು ನೀರಿನೊಳಗೆ ಹೋಯಿತು. ನೀರನ್ನು ಹೊರಗೆ ಹಾಕಬೇಕಾದ ಪೈಪಿನಿಂದಲೇ ನೀರು ಒಳಗೆ ಬರತೊಡಗಿತು. ಪಂಪ್ ಓಡಿತು. ಕರೆಂಟ್ ಹೋಗಿತ್ತು, ಆದ್ದರಿಂದ ಬ್ಯಾಟರಿ ತುಂಬಲಿಲ್ಲ. ಬ್ಯಾಟರಿ ಖಾಲಿಯಾಯಿತು, ಪಂಪ್ ನಿಂತಿತು, ಬೋಟ್ ತಳ ಸೇರಿತು. ಮೇಲೆತ್ತಿ ನೋಡಿದರೆ ಮುರಿದ ವಸ್ತು ಒಂದೂ ಇಲ್ಲ. ಹಿಮ ಬಿದ್ದ ಮೊದಲ ದಿನ ಒಬ್ಬರು ಸಲಿಕೆ ಹಿಡಿದು ಹೋಗಿದ್ದರೆ ಸಾಕಿತ್ತು. ಆ ಮನೆಯವರು ಜೆಟ್ಟಿಯ ಮೇಲೆ ನಿಂತು ಅಳುತ್ತಿದ್ದುದು ನನಗೆ ಇನ್ನೂ ಮರೆತಿಲ್ಲ.

ಅದಕ್ಕೇ ಮೊದಲು ಯಾರು ಹೋಗುತ್ತಾರೆ ಅಂತ ಕೇಳಿದ್ದು. ನೀರಲ್ಲಿರುವ ಬೋಟಿಗೆ ಚಳಿಗಾಲದಲ್ಲೂ ಕಾವಲು ಬೇಕು. ಹಗ್ಗ ಸವೆಯುತ್ತದೆ, ಪ್ರೊಪೆಲರಿನ ಶಾಫ್ಟ್ ಒಳಬರುವ ಕಡೆ ನೀರು ತಡೆಯುವ ಗ್ಲ್ಯಾಂಡ್ ತೊಟ್ಟಿಕ್ಕುತ್ತದೆ, ಹೋಸಿನ ಕ್ಲಾಂಪ್ ಸಡಿಲವಾಗುತ್ತದೆ. ಇವೆಲ್ಲ ಒಂದು ವಾರದಲ್ಲಿ ಕಣ್ಣಿಗೆ ಬಿದ್ದರೆ ಸಣ್ಣ ಕೆಲಸ. ತಿಂಗಳು ಬಿಟ್ಟು ಬಿದ್ದರೆ ಹಾಗಲ್ಲ.

ಮಂಜುಗಡ್ಡೆಯದ್ದೂ ಹೇಳಿಬಿಡುತ್ತೇನೆ. ಸಮುದ್ರದ ನೀರು ಸುಮಾರು −1.8 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ನಿಮ್ಮಲ್ಲಿ ಉಪ್ಪು ಕಡಿಮೆ, ಹಾಗಾಗಿ ಅದಕ್ಕೂ ಮೊದಲೇ ಕಟ್ಟುತ್ತದೆ. ತೆಳು ಪದರವೂ ಅಲೆಗೆ ಅಲ್ಲಾಡುತ್ತಾ ನೀರಿನ ಮಟ್ಟದಲ್ಲಿ ಬೋಟಿನ ಮೈಯನ್ನು ಗರಗಸದ ಹಾಗೆ ಉಜ್ಜುತ್ತದೆ. ಫೈಬರಿನ ಹೊಳಪಿನ ಪದರ ಅಲ್ಲಿ ಸವೆದುಹೋಗುತ್ತದೆ.

ಇನ್ನು ನಿಮ್ಮ ಪಕ್ಕದವರ ಮಾತು. ಅವರು ಹೇಳಿದ್ದು ಸುಳ್ಳಲ್ಲ. ನೀರಲ್ಲಿರುವ ಬೋಟಿನ ತಳದ ಸುತ್ತ ನೀರು ಇರುತ್ತದೆ. ಹೊರಗೆ −10 ಇದ್ದರೂ ಆ ನೀರು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಎಂಜಿನ್ ಇರುವ ಜಾಗಕ್ಕೆ ಸ್ವಲ್ಪ ಶಾಖ ಸಿಗುತ್ತದೆ. ದಡಕ್ಕೆ ತಂದ ಕೂಡಲೇ ಅದು ತಪ್ಪಿಹೋಗುತ್ತದೆ. ತಣ್ಣನೆ ಗಾಳಿ ನಾಲ್ಕೂ ಕಡೆಯಿಂದ, ಕೆಳಗಿನಿಂದಲೂ ಬೀಸುತ್ತದೆ. ಎಂಜಿನ್ ತಂಪಾಗಲು ಹೊರಗಿನಿಂದ ಎಳೆದ ನೀರು ಒಳಗೆ ಉಳಿದಿರುತ್ತದೆ, ದಡದ ಮೇಲೆ ಅದು ಬೇಗ ಹೆಪ್ಪುಗಟ್ಟುತ್ತದೆ!

ಇದನ್ನು ದಯವಿಟ್ಟು ಗಮನದಲ್ಲಿಡಿ. ಮೇಲೆತ್ತಿದ್ದೇವೆ, ಇನ್ನೇನು ಭಯ ಅಂತ ಎಂಜಿನ್ ಕೆಲಸವನ್ನು ಮುಂದಿನ ವಾರಕ್ಕೆ ಹಾಕುತ್ತಾರೆ. ಆ ವಾರವೇ ಒಂದು ರಾತ್ರಿ ಚಳಿ ಬೀಳುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ನೂರಕ್ಕೆ 9 ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣ ಅದನ್ನು ತಡೆಯಲ್ಲ, ಸೀಳುತ್ತದೆ. ಸೀಳಿದ್ದು ಆಗ ಗೊತ್ತೂ ಆಗಲ್ಲ. ಮಂಜು ಕರಗಿ, ನೀರಿಗಿಳಿಸಿ, ಎಂಜಿನ್ ಶುರು ಮಾಡಿದಾಗ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು:
ಇದು ನಮಗೆ ಹೊಳೆದೇ ಇರಲಿಲ್ಲ ಸರ್. ಹಾಗಾದರೆ ಎಂಜಿನ್ ಕೆಲಸ ಯಾವಾಗ, ಹೇಗೆ?

ಉತ್ತರ:
ಮೇಲೆತ್ತಿದ ದಿನವೇ. ನೀರಲ್ಲಿರುವಾಗಲೇ ಎಂಜಿನ್ ಬಿಸಿ ಮಾಡಿ ಆಯಿಲ್ ಬದಲಿಸಿಬಿಡಿ. ಹಳೆ ಆಯಿಲಿನಲ್ಲಿ ಆಮ್ಲ ಸೇರಿರುತ್ತದೆ, ತಿಂಗಳುಗಟ್ಟಲೆ ಬೇರಿಂಗಿನ ಮೇಲೆ ಕೂರಬಾರದು. ಡೀಸೆಲ್ ಟ್ಯಾಂಕ್ ಹೆಚ್ಚುಕಡಿಮೆ ತುಂಬಿಸಿಡಿ. ಖಾಲಿ ಜಾಗ ಇದ್ದಷ್ಟೂ ಒಳಗೆ ತೇವ ಹನಿಗಟ್ಟುತ್ತದೆ.

ದಡಕ್ಕೆ ಬಂದ ಮೇಲೆ, ಹೊರಗಿನ ನೀರು ಎಳೆಯುವ ಹೋಸ್ ಕಳಚಿ ಒಂದು ಬಕೆಟ್ ಆಂಟಿಫ್ರೀಜಿನಲ್ಲಿ (ಚಳಿಗೆ ಹೆಪ್ಪುಗಟ್ಟದ ದ್ರವ) ಮುಳುಗಿಸಿ. ಪ್ರೊಪಿಲೀನ್ ಗ್ಲೈಕಾಲ್ ಇರುವುದನ್ನೇ ತನ್ನಿ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ನೀರಿಗೆ ಸೇರಬಾರದು. ಎಂಜಿನ್ ಶುರು ಮಾಡಿ, ಹೊಗೆ ಕೊಳವೆಯಿಂದ ಆಂಟಿಫ್ರೀಜಿನ ಬಣ್ಣ ಗಾಢವಾಗಿ ಬರುವವರೆಗೆ ಓಡಿಸಿ. ಮೊದಲು ತಿಳಿಯಾಗಿ ಬರುತ್ತದೆ. ಅದು ಒಳಗೆ ಉಳಿದ ನೀರಿನ ಜೊತೆ ಬೆರೆತದ್ದು. ಅಲ್ಲಿಗೆ ನಿಲ್ಲಿಸಬೇಡಿ. ಉಳಿತಾಯ ಅಂತ ಆಂಟಿಫ್ರೀಜಿಗೆ ನೀರು ಬೆರೆಸಲೂ ಬೇಡಿ.

ವಾಲ್ವ್ ವಿಷಯದಲ್ಲಿ ತುಂಬ ಜನ ತಪ್ಪುತ್ತಾರೆ. ದಡದ ಮೇಲೆ ಐದೂ ವಾಲ್ವ್ ತೆರೆದೇ ಇಡಿ. ಬಾಲ್ ವಾಲ್ವ್ ಮುಚ್ಚಿದರೆ ಅದರೊಳಗೆ ತಿರುಗುವ ತೂತಿನ ಗುಂಡಿನ ಹೊಟ್ಟೆಯಲ್ಲಿ ಒಂದು ಗುಟುಕು ನೀರು ಸಿಕ್ಕಿಕೊಳ್ಳುತ್ತದೆ. ಅಷ್ಟು ನೀರು ಸಾಕು, ಹಿತ್ತಾಳೆಯ ಮೈ ಬಿರಿಯಲು.

ಬ್ಯಾಟರಿ ಪೂರ್ತಿ ತುಂಬಿಸಿಡಿ. ತುಂಬಿದ ಲೆಡ್ ಆಸಿಡ್ ಬ್ಯಾಟರಿ −50 ಡಿಗ್ರಿಗೂ ಹೆಪ್ಪುಗಟ್ಟಲ್ಲ. ಖಾಲಿಯಾದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯುತ್ತದೆ.

ಇನ್ನೊಬ್ಬ ಸದಸ್ಯೆ:
ಸರ್, ನಮ್ಮದು ಹಲಗೆ ಜೋಡಿಸಿದ ಹಳೆಯ ಮರದ ದೋಣಿ. ಮಾವನವರ ಕಾಲದ್ದು. ನಾವೂ ಮೇಲೆತ್ತಬೇಕಾ?

ಉತ್ತರ:
ಮೇಡಂ, ನಿಮಗೆ ನಾನು ಅದೇ ಮಾತು ಹೇಳಲ್ಲ. ಅಂಥ ದೋಣಿಯ ಹಲಗೆಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ತಿಂಗಳುಗಟ್ಟಲೆ ಒಣಗಾಳಿಗೆ ನಿಲ್ಲಿಸಿದರೆ ಮರ ಕುಗ್ಗಿ ಸಂದಿ ಬಿಡುತ್ತದೆ. ಮತ್ತೆ ಇಳಿಸಿದಾಗ ಹಲಗೆ ಉಬ್ಬುವವರೆಗೆ ನೀರು ಜಿನುಗುತ್ತಲೇ ಇರುತ್ತದೆ. ನಿಮ್ಮ ನೀರು ಹೆಪ್ಪುಗಟ್ಟದಿದ್ದರೆ, ನೋಡಿಕೊಳ್ಳುವವರೂ ಹತ್ತಿರ ಇದ್ದರೆ, ನೀರಲ್ಲೇ ಇರಲಿ. ಮರಕ್ಕೆ ಉಪ್ಪುನೀರಿಗಿಂತ ಮಳೆನೀರಿನ ಭಯ ಜಾಸ್ತಿ. ಕೊಳೆಯುವುದು ಮೇಲಿನಿಂದ. ಗಾಳಿಯಾಡುವ ಹೊದಿಕೆ ಹಾಕಿ.

ಮಂಜುಗಡ್ಡೆ ಕಟ್ಟುವ ಜಾಗವಾದರೆ ಮಾತ್ರ ಮೇಲೆತ್ತಲೇಬೇಕು. ಸಂದಿಗೆ ತುಂಬಿದ ನಾರನ್ನು ಮಂಜುಗಡ್ಡೆ ಕಚ್ಚಿ ಕಿತ್ತುಬಿಡುತ್ತದೆ. ಆಗ ನೆರಳಲ್ಲಿ, ಬಿಸಿಲು ಗಾಳಿ ನೇರವಾಗಿ ಬಡಿಯದ ಕಡೆ ನಿಲ್ಲಿಸಿ. ಮಾವನವರ ಕಾಲದ ದೋಣಿ ಇನ್ನೂ ತೇಲುತ್ತಿದೆ ಅಂದರೆ ಮನೆಯವರು ಚೆನ್ನಾಗಿ ನೋಡಿಕೊಂಡಿದ್ದೀರಿ. ಇಷ್ಟು ದಿನ ಚಳಿಗಾಲದಲ್ಲಿ ಹೇಗೆ ಇಡುತ್ತಿದ್ದರು ಅಂತ ಹಿರಿಯರನ್ನು ಕೇಳಿ. ನನ್ನ ಮಾತಿಗಿಂತ ಅದು ಮುಖ್ಯ.

ಮತ್ತೊಬ್ಬ ಸದಸ್ಯ:
ನನ್ನ ಮನೆ ಜೆಟ್ಟಿಯಿಂದ ಹತ್ತು ನಿಮಿಷದ ನಡಿಗೆ. ದಿನಾ ಹೋಗ್ತೀನಿ. ಫೈಬರ್ ಬೋಟ್, ಹಿಂದೆ ಸ್ಟರ್ನ್‌ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲರ್ ಇರುವ ಡ್ರೈವ್ ಹಿಂಭಾಗದ ಹೊರಗೆ). ಸಿಹಿನೀರು. ನೀರು ಕದಡುವ ಯಂತ್ರ ಹಾಕಿ ಅಲ್ಲೇ ಬಿಡಬಹುದಾ?

ಉತ್ತರ:
ಆ ಯಂತ್ರ ಸಿಹಿನೀರಿನಲ್ಲಿ ಕೆಲಸ ಮಾಡುತ್ತದೆ. ಸಿಹಿನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ, ಅದು ತಳದಲ್ಲಿ ಕೂರುತ್ತದೆ. ಯಂತ್ರ ಅದನ್ನು ಮೇಲಕ್ಕೆ ತಂದು ಬೋಟಿನ ಸುತ್ತ ಮಂಜು ಕಟ್ಟದ ಹಾಗೆ ಮಾಡುತ್ತದೆ. ನೀರು ಆಳ ಇರಬೇಕು, ಕರೆಂಟೂ ಇರಬೇಕು. ನೀವು ದಿನಾ ಹೋಗುವವರು, ಆದ್ದರಿಂದ ಬೇರೆ ಬೋಟಾಗಿದ್ದರೆ ಸರಿ ಅನ್ನುತ್ತಿದ್ದೆ. ಆದರೆ ಸ್ಟರ್ನ್‌ಡ್ರೈವ್ ಇದೆಯಲ್ಲ, ಅಲ್ಲಿ ನೀರನ್ನು ತಡೆಯುವುದು ಒಂದು ರಬ್ಬರ್ ಬೆಲ್ಲೋಸ್, ಅಂದರೆ ಮಡಿಕೆ ಮಡಿಕೆಯ ರಬ್ಬರ್ ಕೊಳವೆ. ಅದು ಬಿರುಕು ಬಿಟ್ಟರೆ ನೀವು ರಾತ್ರಿ ಮಲಗಿರುವಾಗಲೇ ಬೋಟ್ ಮುಳುಗಬಹುದು. ಮೇಲೆತ್ತಿ, ಡ್ರೈವ್ ಪೂರ್ತಿ ಕೆಳಗಿಳಿಸಿ ನೀರು ಬಸಿಯಲು ಬಿಡಿ. ಗೇರ್ ಆಯಿಲ್ ಸ್ವಲ್ಪ ಹೊರಗೆ ಬಿಟ್ಟು ನೋಡಿ. ಹಾಲಿನ ಹಾಗೆ ಬಿಳಿಚಿಕೊಂಡಿದ್ದರೆ ಒಳಗೆ ನೀರು ಸೇರಿದೆ. ಸೀಲ್ ಸರಿಮಾಡಿಸದೆ ಚಳಿಗೆ ಬಿಡಬೇಡಿ.

ಪ್ರಶ್ನೆ ಕೇಳಿದವರು:
ಸರ್, ಮೇಲೆತ್ತೋದು ಅಂತ ತೀರ್ಮಾನ ಮಾಡಿದ್ವಿ. ಇನ್ನೆರಡು ಮಾತು ಕೇಳಲಾ? ದಡದಲ್ಲಿ ಬೋಟ್ ಉರುಳುವ ಭಯ ಇದೆಯಾ? ಮತ್ತೆ ಮೇಲೆತ್ತುವ ದಿನ ನಾನು ಅಲ್ಲಿ ಇರಲೇಬೇಕಾ?

ಉತ್ತರ:
ಉರುಳುವುದುಂಟು. ಬೋಟಿನ ಭಾರವೆಲ್ಲ ಕೀಲ್ (ತಳದ ನಡುವೆ ಉದ್ದಕ್ಕೂ ಇರುವ ಬೆನ್ನೆಲುಬಿನಂಥ ಭಾಗ) ಕೆಳಗಿನ ದಿಮ್ಮಿಗಳ ಮೇಲೆ ಇರಬೇಕು. ಪಕ್ಕದ ಸ್ಟ್ಯಾಂಡುಗಳು ಬರೀ ವಾಲದಂತೆ ಹಿಡಿಯುವುದಕ್ಕೆ. ಎದುರುಬದುರು ಇರುವ ಸ್ಟ್ಯಾಂಡುಗಳನ್ನು ಸರಪಳಿಯಿಂದ ಒಂದಕ್ಕೊಂದು ಕಟ್ಟಿರಬೇಕು, ಇಲ್ಲದಿದ್ದರೆ ಜಾರುತ್ತವೆ. ಮಣ್ಣಿನ ನೆಲವಾದರೆ ಪ್ರತಿ ಸ್ಟ್ಯಾಂಡಿನ ಕೆಳಗೂ ದಪ್ಪ ಪ್ಲೈವುಡ್ ತುಂಡು ಇರಲಿ. ಹೊದಿಕೆಯ ಹಗ್ಗವನ್ನು ಮಾತ್ರ ಯಾವ ಕಾರಣಕ್ಕೂ ಸ್ಟ್ಯಾಂಡಿಗೆ ಕಟ್ಟಬೇಡಿ. ಗಾಳಿಗೆ ಹೊದಿಕೆ ಹಾರಿದರೆ ಸ್ಟ್ಯಾಂಡನ್ನೇ ಎಳೆದು ಹಾಕುತ್ತದೆ. ಹಾಯಿಕಂಬ ಇಳಿಸಲು ಆದರೆ ಇಳಿಸಿ, ಗಾಳಿಯ ಹೊಡೆತ ಬಹಳ ಕಡಿಮೆಯಾಗುತ್ತದೆ. ನಿಮ್ಮ ತಿಂಗಳಿಗೊಮ್ಮೆಯ ಭೇಟಿಯಲ್ಲಿ ಸ್ಟ್ಯಾಂಡ್ ಒಂದೊಂದನ್ನೂ ಕೈಯಿಂದ ಅಲ್ಲಾಡಿಸಿ ನೋಡಿ. ನೆಲ ಹೆಪ್ಪುಗಟ್ಟಿ ಕರಗಿದಾಗ ಸಡಿಲವಾಗುತ್ತವೆ. ಸಡಿಲ ಕಂಡರೆ ಯಾರ್ಡಿನವರನ್ನು ಕರೆಯಿರಿ, ನೀವೇ ತಿರುಗಿಸಬೇಡಿ.

ಮೇಲೆತ್ತುವ ದಿನ ಖಂಡಿತ ಅಲ್ಲಿರಿ, ರಜೆ ಹಾಕಿಯಾದರೂ. ಪಾಚಿ, ಚಿಪ್ಪು ಒದ್ದೆ ಇರುವಾಗಲೇ ತೊಳೆಸಿ, ಒಣಗಿದರೆ ಸಿಮೆಂಟಿನ ಹಾಗೆ ಹಿಡಿಯುತ್ತವೆ. ತೊಳೆದ ಕೂಡಲೇ ತಳದ ಮೇಲೆ ಕೈಯಾಡಿಸಿ. ಫೈಬರಿನ ಒಳಗೆ ನೀರು ಸೇರಿದ್ದರೆ ಸಣ್ಣ ಬೊಬ್ಬೆಗಳು ಕಾಣುತ್ತವೆ. ಅವು ನೀರಿನಿಂದ ಬಂದ ಹೊಸದರಲ್ಲಿ ಚೆನ್ನಾಗಿ ಕಾಣುತ್ತವೆ, ಒಣಗುತ್ತಾ ಹೋದಂತೆ ಇಳಿದು ಮಾಯವಾಗಬಹುದು. ಕಂಡ ಕಡೆಯೆಲ್ಲ ಮೇಣದ ಪೆನ್ಸಿಲಿನಿಂದ ಸುತ್ತುಹಾಕಿ ಫೋಟೋ ತೆಗೆಯಿರಿ. ಬೇರೆ ಲೋಹದ ಭಾಗಗಳ ಬದಲು ತಾನು ಸವೆಯಲಿ ಅಂತ ಹಾಕಿರುವ ಸತುವಿನ ತುಂಡು ಅರ್ಧ ಸವೆದಿದ್ದರೆ ಹೊಸದು ಹಾಕಿಸಬೇಕು. ಮರುದಿನ ಬೆಳಿಗ್ಗೆ ತಳ ಎಲ್ಲ ಒಣಗಿದ ಮೇಲೂ ಚುಕ್ಕಾಣಿಯ ಕೆಳ ಅಂಚಿನಿಂದ ಹನಿ ಬೀಳುತ್ತಿದೆಯಾ ನೋಡಿ. ಬೀಳುತ್ತಿದ್ದರೆ ಅದರ ಹೊಟ್ಟೆಯಲ್ಲಿ ನೀರಿದೆ, ಚಳಿಗೆ ಚುಕ್ಕಾಣಿ ಇಬ್ಭಾಗವಾಗುತ್ತದೆ. ಕೆಳಗೆ ಸಣ್ಣ ತೂತು ಕೊರೆದು ಬಸಿಸಬೇಕು. ಹನಿ ಕಂಡರೆ ಇಲ್ಲೇ ಫೋಟೋ ಹಾಕಿ, ಎಲ್ಲಿ ಕೊರೆಯಬೇಕು ಅಂತ ಗುರುತು ಮಾಡಿ ಕೊಡುತ್ತೇನೆ.