ಒಂದೇ ಬಸ್ಸು, ನಾಲ್ಕು ಕೆಲಸ: "ಯಾಕೆ ಹೋದಿರಿ" ಅನ್ನುವ ಕಾಲಂನಲ್ಲಿ ಏನು ಬರೆಯಲಿ?

ಜೇವರ್ಗಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಜನ ದಿನಾ ಎಲ್ಲಿಗೆ, ಹೇಗೆ, ಯಾಕೆ ಓಡಾಡುತ್ತಾರೆ ಅನ್ನುವುದು ನನ್ನ ಪ್ರಾಜೆಕ್ಟ್. ನಮ್ಮೂರಲ್ಲೇ 12 ಮನೆಗೆ ಒಂದೊಂದು ನೋಟ್‌ಬುಕ್ ಕೊಟ್ಟು, ಏಳು ದಿನ ಹೊರಗೆ ಹೋಗಿದ್ದೆಲ್ಲ ಬರೆಯಿರಿ ಅಂದೆ.

ಐಡಿಯಾ ನನ್ನದಲ್ಲ, ಬ್ರಿಟನ್ನಿನದು. ಅಲ್ಲಿ 1965ರಲ್ಲೇ ಸರ್ಕಾರ ಇಂಥ ಸಮೀಕ್ಷೆ ಶುರು ಮಾಡಿತು, 1988ರಿಂದ ನಿರಂತರವಾಗಿ ನಡೆಸುತ್ತಿದೆ. 2013ರಿಂದ ಇಂಗ್ಲೆಂಡಿಗೆ ಮಾತ್ರ. ಮನೆಯವರು ಒಂದು ವಾರದ ಡೈರಿ ಬರೆಯಬೇಕು. ನಿಯಮ ಏನಂದರೆ ಒಂದು ಪ್ರಯಾಣಕ್ಕೆ ಒಂದೇ ಮುಖ್ಯ ಕಾರಣ: ಕೆಲಸ, ಶಾಲೆ, ಅಂಗಡಿ, ನೆಂಟರ ಮನೆ, ಹೀಗೆ. ಮಗುವನ್ನು ಶಾಲೆಗೆ ಬಿಟ್ಟು ಬರುವುದಕ್ಕೂ ಬೇರೆ ಹೆಸರಿದೆ, ಅದು ನನಗೆ ಬಹಳ ಇಷ್ಟವಾಯಿತು.

ನಮ್ಮ ಚಿಕ್ಕಮ್ಮನ ಪುಸ್ತಕ ನೋಡಿದ ಮೇಲೆ ಕೈ ಕಟ್ಟಿದಂಗಾಗಿದೆ. ಸೋಮವಾರ ಬೆಳಿಗ್ಗೆ ವಸ್ತಿ ಬಸ್ಸಿಗೆ ಕಲಬುರಗಿಗೆ ಹೋಗಿದ್ದಾರೆ. ಬಿಪಿ ಗುಳಿಗೆ ತಂದಿದ್ದಾರೆ, ಹಾಸ್ಟೆಲಿನಲ್ಲಿರುವ ಮಗನಿಗೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಿದ್ದಾರೆ, ಆಧಾರ್ ತಿದ್ದಿಸಿದ್ದಾರೆ, ಸಂಜೆ ಶರಣಬಸವೇಶ್ವರ ಗುಡಿಗೆ ಹೋಗಿ ಬಂದಿದ್ದಾರೆ. ಮುಖ್ಯ ಕಾರಣ ಯಾವುದು ಅಂದರೆ "ಎಲ್ಲಾನೂ ಮುಖ್ಯನೇ ಅಲ್ವಾ" ಅಂತಾರೆ. ನಾನು ಏನು ಬರೆದುಕೊಳ್ಳಲಿ?

ರಿಟೈರ್ಡ್ ಕಂಡಕ್ಟರ್:

ತಂಗೀ, ನಾನು ಬಹಳ ವರ್ಷ ಇದೇ ಭಾಗದಲ್ಲಿ ಟಿಕೆಟ್ ಕೊಟ್ಟವನು. ವೇ ಬಿಲ್ ನೋಡಿದರೆ ಎಷ್ಟು ಟಿಕೆಟ್ ಹೋಯಿತು ಅಂತ ಸಿಗುತ್ತದೆ, ಯಾಕೆ ಹತ್ತಿದರು ಅಂತ ಸಿಗುವುದಿಲ್ಲ. ಆದರೆ ಕೈ ನೋಡಿದರೆ ನಮಗೆ ಗೊತ್ತಾಗುತ್ತಿತ್ತು. ಎಕ್ಸ್‌ರೇ ಕವರ್ ಇದ್ದರೆ ದವಾಖಾನೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ಇದ್ದರೆ ಕೋರ್ಟು, ಇಲ್ಲಾ ತಹಸೀಲ್ದಾರ್ ಕಚೇರಿ. ಅಮಾವಾಸ್ಯೆ ಹಿಂದಿನ ದಿನ ತೆಂಗಿನಕಾಯಿ ಹಿಡಿದವರೆಲ್ಲ ಗಾಣಗಾಪುರಕ್ಕೆ. ಸುಮ್ನೆ ಕೈ ಬೀಸಿಕೊಂಡು ಬಂದವನು ಬಾಕಿ ವಸೂಲಿಗೆ ಹೊರಟವನು, ಅವನ ಹತ್ತಿರ ಚಿಲ್ಲರೆ ಕೇಳಬಾರದು!

ಪ್ರಯಾಣದ ಕಾರಣ ಹೊಸದಾಗಿ ಹುಟ್ಟುತ್ತದೆ, ಹಳೆಯದು ಸಾಯುತ್ತದೆ. ಹೈಕೋರ್ಟ್ ಕೆಲಸ ಅಂದರೆ ಮೊದಲು ಬೆಂಗಳೂರೇ ಗತಿ, ರಾತ್ರಿಯೆಲ್ಲ ಪ್ರಯಾಣ. 2008ರಲ್ಲಿ ಸಂಚಾರಿ ಪೀಠ ಇಲ್ಲಿಗೆ ಬಂತು, 2013ರಲ್ಲಿ ಕಾಯಂ ಆಯಿತು. ಆಮೇಲೆ ಅದೇ ಜನ ಬೆಳಿಗ್ಗೆ ಕಲಬುರಗಿಗೆ ಬಂದು ಸಂಜೆ ಊರು ಸೇರುತ್ತಿದ್ದರು. ಯಾದಗಿರಿ 2009ರ ಕೊನೆಗೆ ಜಿಲ್ಲೆಯಾದಾಗಲೂ ಹಂಗೇ, ಡಿಸಿ ಆಫೀಸಿಗೆ ಅಂತ ಸುರಪುರ, ಶಹಾಪುರದಿಂದ ಇಷ್ಟು ದೂರ ಬರುವ ಕೆಲಸ ತಪ್ಪಿತು.

ನಿನ್ನ ಪ್ರಶ್ನೆಗೆ ಬರುತ್ತೇನೆ. ಯಾವುದು ಮುಖ್ಯ ಅಂತ ಕೇಳಬೇಡ. ಯಾವ ಕೆಲಸ ಇಲ್ಲದಿದ್ದರೆ ಅವತ್ತು ಹೋಗುತ್ತಿರಲಿಲ್ಲ ಅಂತ ಕೇಳು. ಒಂದೊಂದಾಗಿ ತೆಗೆದು ನೋಡು.

ಹುಮನಾಬಾದ್ ಲೋಕಲ್:

ಕಾಕಾ ಹೇಳಿದ್ದು ಸರಿ, ಆದರೆ 2023ರ ಜೂನ್ ಮರೆತಿರಾ? ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಜೀರೋ ಟಿಕೆಟ್. ನಾಲ್ಕು ಕೆಲಸ ಕೂಡಿಟ್ಟು ಒಂದೇ ಸಲ ಹೋಗುವುದು ಟಿಕೆಟ್ ದುಡ್ಡು ಉಳಿಸೋಕೆ. ಈಗ ಒಂದೊಂದು ಕೆಲಸಕ್ಕೂ ಹೋಗಬಹುದಲ್ಲ.

ಇನ್ನೊಂದು ವಿಷಯ. ನಮ್ಮ ಬೀದರ್–ಕಲಬುರಗಿ ರೈಲು 2017ರ ಅಕ್ಟೋಬರಿನಲ್ಲಿ ಪೂರ್ತಿ ಶುರುವಾಯಿತು, ಹತ್ತಿರ ಹತ್ತಿರ 110 ಕಿ.ಮೀ. ಅದಕ್ಕೂ ಮೊದಲು ರೈಲಲ್ಲೇ ಹೋಗುತ್ತೇನೆ ಅಂದರೆ ವಿಕಾರಾಬಾದ್, ವಾಡಿ ಸುತ್ತಬೇಕಿತ್ತು, ಯಾರೂ ಅಂಥ ಹುಚ್ಚು ಕೆಲಸ ಮಾಡುತ್ತಿರಲಿಲ್ಲ ಅನ್ನಿ. ರೈಲು ಬಂದರೂ ನಾನು ಬಸ್ಸೇ ಹತ್ತುತ್ತೇನೆ. ಒಂದು ಹೋದರೆ ಇನ್ನೊಂದು ಬರುತ್ತದೆ, ಟೈಮ್ ನೋಡಿಕೊಂಡು ಓಡಬೇಕಿಲ್ಲ.

ಶಾಲಾ ಟೀಚರ್, ಚಿಂಚೋಳಿ ಕಡೆ:

ಹುಮನಾಬಾದ್ ಅಣ್ಣಾ, ಹೈವೇ ಮೇಲೆ ಕೂತು ಮಾತಾಡಬೇಡಿ. ಟಿಕೆಟ್ ಫ್ರೀ ಆಯಿತು, ಹೊತ್ತು ಫ್ರೀ ಆಗಲಿಲ್ಲ. ನಾನು ಪಾಠ ಮಾಡುವ ಊರಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ನಡುವೆ ಬೇಕಾದರೆ ಟಂಟಂ, ಅದಕ್ಕೆ ದುಡ್ಡು ಕೊಡಲೇಬೇಕು, ಅದೂ ತುಂಬುವ ತನಕ ಬಿಡುವುದಿಲ್ಲ. ಹಂಗಾಗಿ ಹೆಂಗಸರು ಈಗಲೂ ನಾಲ್ಕು ಕೆಲಸ ಕೂಡಿಟ್ಟೇ ಹೊರಡುತ್ತಾರೆ. ಬದಲಾಗಿದ್ದು ಏನಂದರೆ ಮೊದಲು ಗಂಡನ ಹತ್ತಿರ ದುಡ್ಡು ಕೇಳಬೇಕಿತ್ತು, ಆಗ ಯಾಕೆ ಅಂತಲೂ ಹೇಳಬೇಕಿತ್ತು. ಈಗ ಆಧಾರ್ ಕಾರ್ಡ್ ತಗೊಂಡು ಹೊರಟರೆ ಮುಗೀತು. ನಿಮ್ಮ ನೋಟ್‌ಬುಕ್ ಮನೆಯಲ್ಲಿ ಯಾರ ಕೈಲಿದೆ, ಮೊದಲು ಅದನ್ನು ನೋಡಿ. ಗಂಡಸರೇ ಬರೆದಿದ್ದರೆ ಕಾರಣ ಎಲ್ಲ ದವಾಖಾನೆ ಅಂತಲೇ ಇರುತ್ತದೆ.

ಜೀರೋ ಟಿಕೆಟ್ ಎಣಿಸಿ ಇಷ್ಟು ಪ್ರಯಾಣ ಅನ್ನುವುದೂ ಮೋಸವೇ. ನಾನು ಎರಡು ಬಸ್ ಬದಲಿಸುತ್ತೇನೆ, ಲೆಕ್ಕದಲ್ಲಿ ಎರಡು ಸಲ ಬೀಳುತ್ತೇನೆ, ಹೋಗುವುದು ಒಂದೇ ಶಾಲೆಗೆ.

ಬೀದರ್ ಮಂದಿ:

ನಮ್ಮ ಕಡೆ ದೊಡ್ಡ ದವಾಖಾನೆ ಅಂದರೆ ಹೈದರಾಬಾದ್, ಆ ಬಸ್ಸಿಗೆ ಜೀರೋ ಟಿಕೆಟ್ ಇಲ್ಲ. ಇದನ್ನೂ ಬರೆದುಕೊಳ್ಳಿ.

ಗುಳೆ ಹುಡುಗ, ಯಾದಗಿರಿ:

ಅಕ್ಕಾ, ಯಾವ ತಿಂಗಳು ಬರೆಸಿದಿರಿ? ಇಂಗ್ಲೆಂಡಿನವರು ವರ್ಷಪೂರ್ತಿ ಬೇರೆ ಬೇರೆ ಮನೆಗೆ ಹೋಗುತ್ತಾರಂತೆ. ನಮ್ಮ ಓಣಿಗೆ ತೊಗರಿ ರಾಶಿ ಮುಗಿದ ಮೇಲೆ ಬಂದರೆ ಮುದುಕರು, ಮಕ್ಕಳು ಮಾತ್ರ ಸಿಗುತ್ತಾರೆ. ನಾವೆಲ್ಲ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸದಲ್ಲಿ ಇರುತ್ತೇವೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಯಾದಗಿರಿಯಲ್ಲಿ ಹತ್ತಿದವನು ಒಂಟಿ ಕಾಲ ಮೇಲೆ ರಾಯಚೂರು ದಾಟುತ್ತಾನೆ. ನಿಮ್ಮ ಏಳು ದಿನದ ಪುಸ್ತಕದಲ್ಲಿ ನಾವಿಲ್ಲ.

2011ರ ಜನಗಣತಿಯಲ್ಲೂ ಕೆಲಸದ ಜಾಗ ಎಷ್ಟು ದೂರ, ಹೇಗೆ ಹೋಗುತ್ತೀರಿ ಅಂತ ಕೇಳಿದ್ದರು. ಆದರೆ ರೈತರಿಗೂ ಹೊಲದ ಕೂಲಿಯವರಿಗೂ ಆ ಪ್ರಶ್ನೆ ಇರಲಿಲ್ಲ. ನಮ್ಮೂರಲ್ಲಿ ಉಳಿದವರು ಯಾರು ಹೇಳಿ. ಹತ್ತಿ ಬಿಡಿಸಲು ಕ್ರೂಸರ್‌ನಲ್ಲಿ ಕುರಿ ತುಂಬಿದ ಹಾಗೆ ಹೋಗುವ ನಮ್ಮವ್ವ ಯಾವ ಲೆಕ್ಕಕ್ಕೂ ಬರಲಿಲ್ಲ.

ಜೇವರ್ಗಿ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಅಕ್ಕ ಹೇಳಿದ್ದು ನಿಜ, 12ರಲ್ಲಿ 8 ಪುಸ್ತಕ ಗಂಡಸರ ಕೈಬರಹ. ಆ ಎಂಟು ಮನೆಯಲ್ಲಿ ಹೆಂಗಸರನ್ನೇ ಕೂರಿಸಿಕೊಂಡು ಕೇಳಿ ಮತ್ತೆ ಬರೆಯುತ್ತೇನೆ. ಯಾದಗಿರಿ ತಮ್ಮಾ, ನಾನು ಬರೆಸಿದ್ದು ಫೆಬ್ರವರಿಯಲ್ಲಿ. ಮಳೆಗಾಲದಲ್ಲಿ ಇನ್ನೊಂದು ಸಲ ಬರೆಸುತ್ತೇನೆ, ಗೈಡ್ ಒಪ್ಪಿದರೆ.

ಕಂಡಕ್ಟರ್ ಕಾಕಾ, ನೀವು ಹೇಳಿದಂತೆ ಚಿಕ್ಕಮ್ಮನಿಗೆ ಒಂದೊಂದೇ ತೆಗೆದು ಕೇಳಿದೆ. ಗುಳಿಗೆ ಜೇವರ್ಗಿಯಲ್ಲೇ ಸಿಕ್ಕಿದ್ದರೆ? ಆದರೂ ಹೋಗುತ್ತಿದ್ದೆ. ಮಗ ಊರಿಗೇ ಬಂದಿದ್ದರೆ? ಆದರೂ ಹೋಗುತ್ತಿದ್ದೆ. ಆಧಾರ್, ಗುಡಿ, ಎಲ್ಲದಕ್ಕೂ ಅದೇ ಉತ್ತರ. ಹಂಗಾದರೆ ಯಾವಾಗ ಹೋಗುತ್ತಿರಲಿಲ್ಲ ಅಂದೆ. "ಸೊಸೆ ತವರಿಗೆ ಹೋಗಿದ್ದರೆ. ಎಮ್ಮೆ ಯಾರು ಹಿಂಡಬೇಕು?" ಅಂದರು. ಹಿಂದಿನ ಮೂರು ಸೋಮವಾರ ಅದಕ್ಕೇ ಹೋಗಿರಲಿಲ್ಲವಂತೆ. ಅದನ್ನು ಬರೆಯೋಕೆ ನನ್ನ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ರಿಟೈರ್ಡ್ ಕಂಡಕ್ಟರ್:

ಹೌದಲ್ಲ! ಕೊನೆ ಬಸ್ಸಲ್ಲಿ ಕಟ್ಟಿಸಂಗಾವಿ ಸೇತುವೆ ದಾಟುತ್ತಿದ್ದಂಗೆ ಹೆಂಗಸರೆಲ್ಲ ಟೈಮ್ ಎಷ್ಟಾಯ್ತು ಅಂತ ಕೇಳೋರು. ಇಷ್ಟು ವರ್ಷ ನಾನು ಕತ್ತಲಾಯ್ತು ಅಂತ ಹೆದರಿ ಕೇಳ್ತಾರೆ ಅಂದುಕೊಂಡಿದ್ದೆ.