ರೇಸ್ ಕೊಟ್ಟ ಕೂಡಲೇ ಬಂದ್ ಬೀಳುವ ಬ್ಲೋವರ್: ರಿಪೇರಿಯೋ, ಹೊಸದೋ?

ಬಾಣೇರ್ ಅಂಗಳ, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮ ಸೊಸೈಟಿಯ ತೋಟದ ಉಸ್ತುವಾರಿ ಈ ವರ್ಷ ನನ್ನ ಪಾಲಿಗೆ ಬಂದಿದೆ. ಒಳರಸ್ತೆಯ ಎರಡೂ ಬದಿ ಸೇರಿ ಹನ್ನೊಂದು ರೈನ್ ಟ್ರೀ, ನಾಲ್ಕು ಗುಲ್‌ಮೊಹರ್, ಗೇಟಿನ ಹತ್ತಿರ ಒಂದು ದೊಡ್ಡ ಅರಳಿ ಮರ ಇವೆ. ಮಳೆಗಾಲಕ್ಕೆ ಮುಂಚೆ ಪಾಲಿಕೆಯ ಪರವಾನಗಿ ತಗೊಂಡು ಹೋದ ವಾರ ಕೊಂಬೆ ಸವರಿಸಿದೆವು. ದಪ್ಪ ಕೊಂಬೆಗಳನ್ನು ಅವರೇ ಗಾಡಿಯಲ್ಲಿ ಒಯ್ದರು. ಗರಗಸದ ಹುಡಿ, ಪುಳ್ಳೆ, ಎಲೆಯೆಲ್ಲ ಇಲ್ಲೇ ಬಿತ್ತು.

ನಮ್ಮ ಹತ್ತಿರ ಇರುವುದು ಗಾಳಿ ಊದಿ ಎಲೆ ದೂಡುವ, ಕೈಯಲ್ಲಿ ಹಿಡಿಯುವ 26 ಸಿಸಿ ಟೂ-ಸ್ಟ್ರೋಕ್ ಪೆಟ್ರೋಲ್ ಬ್ಲೋವರ್, ಮೂರು ವರ್ಷದ್ದು. ನಾಲ್ಕನೇ ಎಳೆತಕ್ಕೆ ಚಾಲೂ ಆಗುತ್ತೆ, ಐಡ್ಲಿಂಗಿನಲ್ಲಿ ಚೆನ್ನಾಗೇ ನಿಲ್ಲುತ್ತೆ. ರೇಸ್ ಕೊಟ್ಟರೆ ಮಾತ್ರ ಗಂಟಲು ಕಟ್ಟಿದ ಹಾಗೆ ಆಗಿ ಬಂದ್. ನಿಧಾನವಾಗಿ ಒತ್ತಿದರೆ ಅರ್ಧದ ತನಕ ಏರುತ್ತೆ, ಅದಕ್ಕಿಂತ ಮೇಲೆ ಇಲ್ಲ. ಹೊಗೆಯೂ ಜಾಸ್ತಿಯಾಗಿದೆ. ನಮ್ಮ ಮಾಲಿ ಯಾದಗಿರಿ ಕಡೆಯವರು, ಎಲ್ಲರೂ ಕಾಕಾ ಅಂತೀವಿ. ಏರ್ ಫಿಲ್ಟರ್ ತೊಳೆದರು, ಪ್ಲಗ್ ಬದಲಿಸಿದರು. ಎರಡು ದಿನ ಸರಿ ಹೋಯಿತು, ಮತ್ತೆ ಅದೇ ಕಥೆ. ಒಯ್ದು ತೋರಿಸಿದ ಅಂಗಡಿಯವರು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಹೋಗಿದೆ, ಅದಕ್ಕೆ ಹಾಕುವ ದುಡ್ಡಿಗೆ ಇನ್ನಷ್ಟು ಸೇರಿಸಿ ಬೆನ್ನಿಗೆ ಹಾಕುವ ದೊಡ್ಡ ಮಷಿನ್ನೇ ತಗೊಳ್ಳಿ ಅಂದರು. ಕಮಿಟಿಯಲ್ಲಿ ಕೆಲವರು ಬ್ಯಾಟರಿಯದ್ದು ಬರಲಿ ಅಂತಾರೆ. ಇನ್ನೊಬ್ಬರು ಎಲ್ಲ ಗುಡ್ಡೆ ಹಾಕಿ ಬೆಂಕಿ ಕೊಡಿ, ಮಷಿನ್ ಯಾಕೆ ಅಂತ ಕೇಳಿದರು. ಮೊನ್ನೆ ಒಂದು ಮಳೆ ಬೇರೆ ಬಿತ್ತು, ಎಲೆ ಡಾಂಬರಿಗೆ ಅಂಟಿಕೊಂಡಿದೆ. ರೋಹಿಣಿ ಮಳೆ ಶುರುವಾಗುವ ಮುಂಚೆ ರಸ್ತೆ, ಚರಂಡಿ ಸ್ವಚ್ಛ ಆಗಬೇಕು. ಏನು ಮಾಡಲಿ?

ಮುಲುಂಡ್ ಗ್ಯಾರೇಜ್, ಮುಂಬೈ

ಕಾರ್ಬ್ಯುರೇಟರ್ ಈಗಲೇ ಬದಲಿಸಬೇಡಿ. ಮೊದಲು ಎರಡು ಪರೀಕ್ಷೆ ಮಾಡಿ ಹೇಳಿ. ಒಂದು, ಟ್ಯಾಂಕಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ, ಮಷಿನ್ ನೆಟ್ಟಗೆ ಹಿಡಿದು, ರೇಸ್ ಕೊಟ್ಟು ನೋಡಿ. ಎರಡು, ಮುಚ್ಚಳ ಬಿಗಿ ಮಾಡಿ, ಬಂದ್ ಬೀಳುವ ಹೊತ್ತಿಗೆ ಚೋಕ್ (ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಗುಂಡಿ) ಅರ್ಧ ಎಳೆಯಿರಿ. ಹೊಸ ಪ್ಲಗ್ ಬಿಚ್ಚಿ ಬಣ್ಣವನ್ನೂ ನೋಡಿ.

ಬಾಣೇರ್ ಅಂಗಳ

ಮುಚ್ಚಳ ಸಡಿಲಿಸಿದರೂ ಏನೂ ವ್ಯತ್ಯಾಸ ಇಲ್ಲ. ಚೋಕ್ ಎಳೆದರೆ ಇನ್ನೂ ಬೇಗ ಬಂದ್ ಬೀಳುತ್ತೆ, ಹೊಗೆ ದಟ್ಟವಾಗುತ್ತೆ. ಪ್ಲಗ್ ತುದಿ ಕಪ್ಪಗೆ, ಒದ್ದೆ. ಮುಟ್ಟಿದರೆ ಬೆರಳಿಗೆ ಜಿಡ್ಡು.

ಮುಲುಂಡ್ ಗ್ಯಾರೇಜ್

ಹಾಗಾದರೆ ಪೆಟ್ರೋಲ್ ಕಮ್ಮಿಯಾಗಿ ನಿಲ್ಲುತ್ತಿಲ್ಲ. ಮುಚ್ಚಳದ ಗಾಳಿತೂತು ಕಟ್ಟಿದ್ದರೆ ಸಡಿಲಿಸಿದಾಗ ಓಡಬೇಕಿತ್ತು. ಟ್ಯಾಂಕಿನೊಳಗಿನ ಫಿಲ್ಟರೋ ಕಾರ್ಬ್ಯುರೇಟರೋ ಕಟ್ಟಿದ್ದರೆ ಚೋಕ್ ಎಳೆದಾಗ ಸ್ವಲ್ಪ ಚೇತರಿಸಿಕೊಳ್ಳಬೇಕಿತ್ತು. ನಿಮ್ಮದರಲ್ಲಿ ಒಳಗೆ ಬೇಕಾದಷ್ಟು ಹೋಗುತ್ತಿದೆ, ಹೊರಗೆ ಬರಲು ದಾರಿಯಿಲ್ಲ. ಸೈಲೆನ್ಸರ್ ಬಿಚ್ಚಬೇಕು. ಬ್ಲೋವರ್ ಬಗ್ಗೆ ನನಗಿಂತ ಫೋಂಡಾದವರಿಗೆ ಚೆನ್ನಾಗಿ ಗೊತ್ತು, ಅವರು ಬರೆಯಲಿ.

ಫೋಂಡಾ ಮರಗೆಲಸ, ಗೋವಾ

ಅಣ್ಣಾ, ನಾನು ಅಂಕೋಲೆಯವ. ಇಲ್ಲಿ ಗೋವಾದಲ್ಲಿ ಮರ ಹತ್ತಿ ಕೊಂಬೆ ಇಳಿಸುವ ಕೆಲಸ, ಜತೆಗೆ ನಾಲ್ಕು ಹುಡುಗರಿದ್ದಾರೆ. ಕಡಿದ ಮೇಲೆ ಅಂಗಳವನ್ನು ಮೊದಲಿನ ಹಾಗೆ ಮಾಡಿ ಕೊಡುವುದೂ ನಮ್ಮದೇ ಜವಾಬ್ದಾರಿ, ಹಾಗಾಗಿ ಬ್ಲೋವರ್ ದಿನಾ ಕೈಯಲ್ಲೇ ಇರುತ್ತದೆ.

ಮುಲುಂಡ್‌ನವರು ಹೇಳಿದ್ದು ಸರಿ. ಸೈಲೆನ್ಸರಿನ ಬಾಯಲ್ಲಿ ಅಂಚೆಚೀಟಿಯಷ್ಟು ದೊಡ್ಡ ತಂತಿಜಾಳಿಗೆ ಇರುತ್ತದೆ. ಒಳಗಿನ ಕಿಡಿ ಹಾರಿ ಒಣ ಎಲೆಗೆ ಬೆಂಕಿ ಹತ್ತಬಾರದು ಅಂತ ಅದನ್ನು ಇಟ್ಟಿರುವುದು. ಪೆಟ್ರೋಲಿಗೆ ಬೆರೆಸಿದ ಎಣ್ಣೆ ಪೂರ್ತಿ ಉರಿಯದಿದ್ದರೆ ಮಸಿ ಕಟ್ಟಿ ಅದರ ಕಣ್ಣುಗಳೆಲ್ಲ ಮುಚ್ಚುತ್ತವೆ. ಐಡ್ಲಿಂಗಿಗೆ ಬೇಕಾದ ಚೂರು ಹೊಗೆ ಹೇಗೋ ನುಸುಳಿ ಹೋಗುತ್ತದೆ, ರೇಸಿಗೆ ಸಾಲುವುದಿಲ್ಲ. ನಿಮ್ಮ ಮಷಿನ್ನಿಗೆ ಆಗಿರುವುದು ಇದೇ ಅಂತ ನನಗೆ ನೂರಕ್ಕೆ ತೊಂಬತ್ತು ನಂಬಿಕೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ಗಿನ ವಯರ್ ಕಿತ್ತು ಪಕ್ಕಕ್ಕಿಡಿ. ಸೈಲೆನ್ಸರಿನ ಬಾಯಿಯ ಸ್ಕ್ರೂ ಬಿಚ್ಚಿ ಜಾಳಿಗೆ ತೆಗೆಯಿರಿ. ಪೆಟ್ರೋಲಿನಿಂದ ದೂರ, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗಾಗುವ ತನಕ ಕಾಯಿಸಿದರೆ ಮಸಿ ಬೂದಿಯಾಗುತ್ತದೆ. ತಣಿದ ಮೇಲೆ ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿದರೆ ಉದುರುತ್ತದೆ. ಹರಿದಿದ್ದರೆ ಹೊಸದು ಹಾಕಿ, ಕಡಿಮೆ ಬೆಲೆಯ ಸಾಮಾನು. ಜಾಳಿಗೆಯೇ ಬೇಡ ಅಂತ ಕಿತ್ತೆಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ನೀವು ಮಷಿನ್ ಓಡಿಸುವುದೇ ಒಣ ಎಲೆಯ ನಡುವೆ.

ಆಮೇಲೆ ಸೈಲೆನ್ಸರ್ ಪೂರ್ತಿ ತೆಗೆದು ಸಿಲಿಂಡರಿನ ಹೊಗೆಬಾಯಿ ನೋಡಿ. ಅಲ್ಲೂ ಮಸಿ ಇದ್ದರೆ ಹಗ್ಗ ಮೆಲ್ಲಗೆ ಎಳೆದು ಪಿಸ್ಟನ್ ಮೇಲಕ್ಕೆ ತಂದು ಆ ಬಾಯಿ ಮುಚ್ಚುವ ಹಾಗೆ ನಿಲ್ಲಿಸಿ, ಬಿದಿರಿನ ಕಡ್ಡಿಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಬೇಡ, ಪಿಸ್ಟನ್ನಿಗೆ ಗೀರು ಬಿದ್ದರೆ ಮುಗಿಯಿತು.

ಒಂದು ಪ್ರಶ್ನೆ. ಕಾಕಾ ಎಣ್ಣೆ ಯಾವುದು, ಎಷ್ಟು ಹಾಕುತ್ತಾರೆ? ಕೆಲಸ ಮಾಡುವಾಗ ಪೂರ್ತಿ ರೇಸ್ ಕೊಡುತ್ತಾರೋ, ಅರ್ಧವೋ?

ಬಾಣೇರ್ ಅಂಗಳ

ಕಾಕಾನ ಕೇಳಿದೆ. ಎಣ್ಣೆ ಡಬ್ಬಿಯ ಮುಚ್ಚಳದಲ್ಲಿ ಅಳೆದು ಲೀಟರಿಗೆ ಎರಡು ಮುಚ್ಚಳ ಹಾಕ್ತೀನಿ, ಜಾಸ್ತಿ ಹಾಕಿದರೆ ಇಂಜಿನ್ನಿಗೆ ಒಳ್ಳೇದು ಅಂದರು. ನೀರು ತುಂಬಿ ಸಿರಿಂಜಿನಿಂದ ಅಳೆದೆ, ಒಂದು ಮುಚ್ಚಳಕ್ಕೆ 28 ಎಂಎಲ್. ಅಂದರೆ ಲೀಟರಿಗೆ 56. ನಡುವೆ 2ಟಿ (ಟೂ-ಸ್ಟ್ರೋಕ್ ಇಂಜಿನ್ನಿನ) ಎಣ್ಣೆ ಮುಗಿದಾಗ ಬೈಕಿನ ಇಂಜಿನ್ ಆಯಿಲ್ಲೂ ಹಾಕಿದ್ದಾರೆ.

ರೇಸಿನ ವಿಷಯ ಕೇಳಿ ಮನಸ್ಸಿಗೆ ಬೇಜಾರಾಯಿತು. ಸದ್ದು ಜಾಸ್ತಿ ಅಂತ ಎರಡನೇ ಮಹಡಿಯವರು ಸಿಟ್ಟು ಮಾಡಿದ್ದರಂತೆ. ಅವತ್ತಿನಿಂದ ಕಾಕಾ ಅರ್ಧ ರೇಸಿನಲ್ಲೇ ಎರಡೆರಡು ಗಂಟೆ ಓಡಿಸುತ್ತಿದ್ದಾರೆ. ನನಗೆ ಒಂದು ಮಾತು ಹೇಳಿರಲಿಲ್ಲ.

ಫೋಂಡಾ ಮರಗೆಲಸ

ರೋಗದ ಮೂಲ ಇದೇ ಅಣ್ಣಾ. ಇಂದಿನ ಹೆಚ್ಚಿನ ಮಷಿನ್ನುಗಳ ಅಳತೆ 50ಕ್ಕೆ 1, ಅಂದರೆ ಲೀಟರಿಗೆ 20 ಎಂಎಲ್. ನಿಮ್ಮ ಕೈಪಿಡಿಯಲ್ಲಿ ಏನಿದೆ ನೋಡಿ, ಕೆಲವು ಹಳೆಯವು 25ಕ್ಕೆ 1 ಕೇಳುತ್ತವೆ, ಅದಕ್ಕೆ 40. ಎಷ್ಟೇ ಆದರೂ 56 ಇಲ್ಲ. ಬೈಕಿನ ಎಣ್ಣೆ ಇಂಜಿನ್ನಿನ ತಳದಲ್ಲಿ ಉಳಿಯಲೆಂದು ಮಾಡಿದ್ದು, 2ಟಿ ಎಣ್ಣೆ ಪೆಟ್ರೋಲಿನ ಜತೆ ಉರಿದು ಹೋಗಲೆಂದು ಮಾಡಿದ್ದು. ಎಣ್ಣೆ ಹೆಚ್ಚಾಗಿ, ಇಂಜಿನ್ ಸರಿಯಾಗಿ ಬಿಸಿಯೂ ಆಗದೆ ಅರ್ಧ ರೇಸಿನಲ್ಲಿ ಓಡಿದರೆ ಮಸಿ ಕಟ್ಟದೆ ಇನ್ನೇನು? ನೆರೆಯವರ ಮೇಲಿನ ಮರ್ಯಾದೆಗೆ ಕಾಕಾ ರೇಸ್ ಇಳಿಸಿದರು, ಪಾಪ, ಅದರಿಂದ ಸದ್ದೂ ಎರಡು ಗಂಟೆ ಎಳೆಯಿತು, ಮಷಿನ್ನೂ ಕೆಟ್ಟಿತು. ಪೂರ್ತಿ ರೇಸಿನಲ್ಲಿ ಅದೇ ಕೆಲಸ ಮುಕ್ಕಾಲು ಗಂಟೆಯದ್ದು. ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂಕಾಲು ಅಂತ ಹೊತ್ತು ಗೊತ್ತುಮಾಡಿ ನೋಟಿಸ್ ಬೋರ್ಡಿನಲ್ಲಿ ಹಾಕಿ. ವಸತಿ ಪ್ರದೇಶಕ್ಕೆ ಹಗಲಲ್ಲಿ 55, ರಾತ್ರಿ 45 ಡೆಸಿಬಲ್ ಅಂತ 2000ದ ಶಬ್ದಮಾಲಿನ್ಯ ನಿಯಮದಲ್ಲೇ ಇದೆ. ಹತ್ತಿರ ನಿಂತರೆ ಈ ಮಷಿನ್ ಅದಕ್ಕಿಂತ ಎಷ್ಟೋ ಹೆಚ್ಚು ಕೂಗುತ್ತದೆ. ಮೇಲಿನವರ ಸಿಟ್ಟಿಗೂ ಕಾರಣವಿದೆ. ಕಾಕಾಗೆ ಕಿವಿಗೆ ಹಾಕುವ ಮಫ್, ಕಣ್ಣಿಗೆ ಕನ್ನಡಕ, ಒಳ್ಳೆಯ ಮಾಸ್ಕ್ ಸೊಸೈಟಿ ಖರ್ಚಿನಲ್ಲಿ ಕೊಡಿಸಿ. ಗರಗಸದ ಹುಡಿ ಮೂಗಿಗೆ ಹೋದರೆ ರಾತ್ರಿಯಿಡೀ ಕೆಮ್ಮು, ನಾನು ಅನುಭವಿಸಿದ್ದೇನೆ.

ಪೆಟ್ರೋಲಿನ ಬಗ್ಗೆಯೂ ಹೇಳಬೇಕು. ಈಗ ಪಂಪಿನಲ್ಲಿ ಸಿಗುವುದರಲ್ಲಿ ಎಥನಾಲ್ 20% ತನಕ ಇದೆ. ಈ ಸಣ್ಣ ಇಂಜಿನ್ನುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 10% ಮೀರಬಾರದು ಅಂತ ಬರೆದಿರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಇಟ್ಟು ಬಿಟ್ಟರೆ ನೀರೂ ಎಥನಾಲೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, 2ಟಿ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಫಿಲ್ಟರ್ ಇರುವುದು ತಳದಲ್ಲಿ. ಹಾಗೆ ಚಾಲೂ ಮಾಡಿದರೆ ಎಣ್ಣೆಯಿಲ್ಲದ ಇಂಧನ ಒಳಗೆ ಹೋಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅದಕ್ಕೇ ಒಂದು ವಾರಕ್ಕೆ ಬೇಕಾದಷ್ಟೇ ಕಲಸಿ. ಎರಡು ವಾರಕ್ಕಿಂತ ಹೆಚ್ಚು ಮಷಿನ್ ಸುಮ್ಮನೆ ಇರುತ್ತದೆ ಅಂದರೆ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ ಇಡಿ.

ಹೊಸದು ಬೇಕೋ ಅಂದರೆ ನನ್ನ ಅಭಿಪ್ರಾಯದಲ್ಲಿ ಈಗ ಬೇಡ. ಮುಂದೆ ತಗೊಳ್ಳುವ ದಿನ ಬಂದರೆ ಡಬ್ಬಿಯ ಮೇಲಿನ ಗಾಳಿಯ ವೇಗ ಒಂದನ್ನೇ ನೋಡಿ ಮೋಸ ಹೋಗಬೇಡಿ. ಬಾಯಿ ಸಣ್ಣದು ಮಾಡಿದರೆ ವೇಗ ಯಾವುದರಲ್ಲೂ ಬರುತ್ತದೆ. ವೇಗ ಅಂಟಿದ ಎಲೆಯನ್ನು ಎಬ್ಬಿಸುತ್ತದೆ, ರಾಶಿಯನ್ನು ದೂಡಿಕೊಂಡು ಹೋಗುವುದು ಗಾಳಿಯ ಪ್ರಮಾಣ. ಎಸಿ ತೊಳೆಯುವವರ ಹತ್ತಿರ ಇರುವ 600 ವ್ಯಾಟಿನದ್ದು ನಿಮಿಷಕ್ಕೆ ಮೂರ್ನಾಲ್ಕು ಘನ ಮೀಟರ್ ಗಾಳಿ ಕೊಡುತ್ತದೆ, ಮನೆ ಮೆಟ್ಟಿಲಿಗೆ ಸಾಕು. ನಿಮ್ಮಂಥ ಪೆಟ್ರೋಲಿನದ್ದು ಹತ್ತು ಹನ್ನೆರಡು ಕೊಡುತ್ತದೆ. ಬೆನ್ನಿನ ದೊಡ್ಡವು 20 ದಾಟುತ್ತವೆ, ಆದರೆ ಹತ್ತು ಕಿಲೋ ಭಾರ, ಎಣ್ಣೆ ಖರ್ಚು, ಸದ್ದು ಎಲ್ಲ ಜಾಸ್ತಿ. ಬ್ಯಾಟರಿಯದ್ದಕ್ಕೆ ಗುಣಾಕಾರ ನೀವೇ ಮಾಡಿ. 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 90 ವ್ಯಾಟ್-ಅವರ್ ಇದೆ. ಮೋಟರ್ 600 ವ್ಯಾಟ್ ಎಳೆದರೆ ಒಂಬತ್ತು ನಿಮಿಷ. ಸದ್ದು ಕಡಿಮೆ, ಹೊಗೆಯಿಲ್ಲ, ನಿಜ. ಹನ್ನೊಂದು ರೈನ್ ಟ್ರೀಗೆ ಬ್ಯಾಟರಿ ಎಷ್ಟು ಬೇಕಾಗಬಹುದು ಅಂತ ಕಮಿಟಿಯಲ್ಲಿ ಲೆಕ್ಕ ಇಡಿ. ನಮ್ಮ ಕಡೆ ಮಾವು, ಗೇರು ತೋಟದವರ ಹತ್ತಿರ ಔಷಧಿ ಹೊಡೆಯುವ ಬೆನ್ನಿನ ಮಿಸ್ಟ್ ಬ್ಲೋವರ್ ಇರುತ್ತದೆ, ಟ್ಯಾಂಕ್ ಖಾಲಿ ಮಾಡಿ ಚೆನ್ನಾಗಿ ತೊಳೆದು ಅದರಲ್ಲೇ ಎಲೆಯನ್ನೂ ದೂಡುತ್ತಾರೆ.

ಒದ್ದೆ ಎಲೆಗೆ ಈಗ ಕೈ ಹಾಕಬೇಡಿ. ಎರಡು ಗಂಟೆ ಬಿಸಿಲು ಬೀಳಲಿ, ಮೇಲಿನ ಪದರ ಒಣಗಿದರೆ ಅಡಿಯದ್ದೂ ಏಳುತ್ತದೆ. ಪುಳ್ಳೆಗಳನ್ನು ಮೊದಲು ಹಲ್ಲಿನ ಪಂಜಾದಲ್ಲಿ ಎಳೆದು ತೆಗೆಯಿರಿ, ಗಾಳಿಗೆ ಅವು ಬಗ್ಗುವುದಿಲ್ಲ, ಎಲೆಯನ್ನೂ ತಡೆಯುತ್ತವೆ. ಗಾಳಿ ಬೀಸುವ ದಿಕ್ಕಿಗೇ ದೂಡಿ. ಕೊಳವೆಯ ತುದಿ ನೆಲದಿಂದ ಗೇಣಷ್ಟು ಮೇಲೆ, ಓರೆಯಾಗಿ, ನಿಧಾನವಾಗಿ ಎಡಬಲ ಆಡಲಿ. ನೆಲಕ್ಕೆ ನೇರ ಹಿಡಿದರೆ ಎಲೆ ಹಾರಿ ಹಿಂದಕ್ಕೇ ಬೀಳುತ್ತದೆ. ರಾಶಿ ಸೇರಬೇಕಾದ ಜಾಗದಲ್ಲಿ ಮೊದಲೇ ತಾಡಪತ್ರಿ ಹಾಸಿ. ಚರಂಡಿಯ ಬಾಯಿಗೆ ಗೋಣಿ ಮುಚ್ಚಿ ಶುರು ಮಾಡಿ, ಇಲ್ಲದಿದ್ದರೆ ಕಸವೆಲ್ಲ ಅದರೊಳಗೇ ಇಳಿಯುತ್ತದೆ.

ಕೊಥ್ರೂಡ್ ಗೊಬ್ಬರ, ಪುಣೆ

ಫೋಂಡಾದ ತಮ್ಮ ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ಬೆಂಕಿ ಮಾತ್ರ ಖಂಡಿತ ಬೇಡ ಅಂತ ಆ ಸದಸ್ಯರಿಗೆ ತಿಳಿಸಿ. ಬಯಲಲ್ಲಿ ಕಸ ಸುಟ್ಟರೆ 5000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ. ದಂಡ ಹಾಗಿರಲಿ, ಮೇಲಿನ ಮನೆಗಳಲ್ಲಿ ಮಕ್ಕಳು, ಉಬ್ಬಸದವರು ಇರುತ್ತಾರೆ.

ರೈನ್ ಟ್ರೀ ಎಲೆ ಅಂದರೆ ಚಿನ್ನ. ಅದು ದ್ವಿದಳ ಜಾತಿ, ಎಲೆಯಲ್ಲಿ ಸಾರಜನಕ ಚೆನ್ನಾಗಿದೆ, ಚಿಕ್ಕದಾದ್ದರಿಂದ ಕತ್ತರಿಸುವ ಗೋಜಿಲ್ಲದೆ ಬೇಗ ಕೊಳೆಯುತ್ತದೆ. ಅರಳಿ ಎಲೆ ದಪ್ಪ, ಅದನ್ನು ಬೇರೆ ಗುಡ್ಡೆ ಹಾಕಿ. ನಾನು ಒಂದು ಪದರ ಎಲೆ, ಮೇಲೆ ಸಗಣಿ ನೀರು, ಮತ್ತೆ ಎಲೆ, ಹೀಗೆ ಸೊಂಟದೆತ್ತರಕ್ಕೆ ಕಟ್ಟುತ್ತೇನೆ. ಮೂರನೇ ದಿನ ಒಳಗೆ ಕೈ ಹಾಕಿದರೆ ಬಿಸಿ ತಗಲುತ್ತದೆ. ಗರಗಸದ ಹುಡಿಯನ್ನು ಕುಂಡಗಳಿಗೆ ನೇರ ಹಾಕಬೇಡಿ, ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಗುಡ್ಡೆಯಲ್ಲಿ ತೆಳುವಾಗಿ ಬೆರೆಸಿ.

ಇನ್ನೂ ಒಂದು ಕೋರಿಕೆ. ಮರದ ಬುಡದ ಮಣ್ಣಿನ ಮೇಲೆ ಬ್ಲೋವರ್ ಹಿಡಿಯಲೇಬೇಡಿ. ರಸ್ತೆ, ಪಾರ್ಕಿಂಗ್, ಚರಂಡಿ ಗುಡಿಸಿ ಸಾಕು. ಬುಡದಲ್ಲಿ ಬಿದ್ದ ಎಲೆ ಮರದ್ದೇ ಹೊದಿಕೆ. ಅದರಡಿ ಎರೆಹುಳು ಇರುತ್ತದೆ, ತೇವ ಇರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವ ನಮ್ಮ ಊರಿನಲ್ಲಿ ಆ ತೇವವನ್ನು ಕೈಯಾರೆ ಹಾರಿಸಿಬಿಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಬಾಣೇರ್ ಅಂಗಳ

ಎಲ್ಲರಿಗೂ ಕೈ ಮುಗಿದೆ. ಇವತ್ತು ಕಾಕಾ, ನಾನು ಕೂತು ಬಿಚ್ಚಿದೆವು. ಜಾಳಿಗೆ ಅಂತ ಗುರುತೇ ಸಿಗದಷ್ಟು ಮಸಿ, ಕಪ್ಪು ಬಿಸ್ಕತ್ತಿನ ತುಂಡಿನ ಹಾಗೆ ಗಟ್ಟಿಯಾಗಿತ್ತು. ಬೆಳಕಿಗೆ ಹಿಡಿದರೆ ಮೂಲೆಯಲ್ಲಿ ಮೂರೇ ಮೂರು ಕಣ್ಣು ತೆರೆದಿದ್ದವು. ಕಾಯಿಸಿ ಉಜ್ಜಿದ ಮೇಲೆ ಅದರ ಮೂಲಕ ಕಾಕಾನ ಮುಖ ಕಾಣಿಸಿತು. ಹೊಗೆಬಾಯಿಯಲ್ಲಿ ಅರ್ಧ ಚಮಚೆಯಷ್ಟು ಮಸಿ ಸಿಕ್ಕಿತು. ಹಳೇ ಪೆಟ್ರೋಲ್ ತೆಗೆದು, ಕೈಪಿಡಿಯಲ್ಲಿದ್ದ ಹಾಗೆ ಲೀಟರಿಗೆ 20 ಎಂಎಲ್ ಕಲಸಿ ಚಾಲೂ ಮಾಡಿದೆವು. ಎರಡನೇ ಎಳೆತಕ್ಕೆ ಹಿಡಿಯಿತು. ಮೊದಲ ಒಂದು ನಿಮಿಷ ದಟ್ಟ ಹೊಗೆ ಬಂತು, ಆಮೇಲೆ ಪೂರ್ತಿ ರೇಸ್. ಖರ್ಚಾಗಿದ್ದು ಹಿತ್ತಾಳೆ ಬ್ರಷ್ಷಿಗೆ ಮಾತ್ರ.

ಎರಡನೇ ಮಹಡಿಗೆ ನಾನೇ ಹೋಗಿ ಮಾತಾಡಿ ಬಂದೆ. ಅವರ ಮನೆಯ ಕೂಸು ಹತ್ತೂವರೆಗೆ ಮಲಗುತ್ತಂತೆ, ಹತ್ತೂಕಾಲಿಗೆ ನಿಲ್ಲಿಸಿದರೆ ತಕರಾರಿಲ್ಲ ಅಂದರು. ಕಾಕಾ ಡಬ್ಬಿಯ ಮುಚ್ಚಳದ ಅಳತೆ ಬಿಟ್ಟು ಸಿರಿಂಜ್ ಇಟ್ಟುಕೊಂಡಿದ್ದಾರೆ, 20ರ ಗೆರೆಗೆ ಕೆಂಪು ಉಗುರುಬಣ್ಣ ಹಚ್ಚಿಕೊಟ್ಟಿದ್ದೇನೆ. ಅಕ್ಕಾ, ಗೊಬ್ಬರದ ಗುಡ್ಡೆಗೆ ಪಂಪ್‌ಹೌಸ್ ಹಿಂದಿನ ಜಾಗ ನೋಡಿದ್ದೇನೆ, ಮಧ್ಯಾಹ್ನದ ಮೇಲೆ ಅಲ್ಲಿ ನೆರಳು. ಸಾಕಾಗುತ್ತಾ, ಇಲ್ಲ ಬಿಸಿಲು ಬೇಕಾ?

ಕೊಥ್ರೂಡ್ ಗೊಬ್ಬರ

ನೆರಳೇ ಒಳ್ಳೆಯದು. ಮಳೆ ನೀರು ನಿಲ್ಲದ ಹಾಗೆ ಅಡಿಗೆ ಆ ಪುಳ್ಳೆಗಳನ್ನೇ ಗೇಣು ದಪ್ಪಕ್ಕೆ ಹಾಸಿಕೊಳ್ಳಿ.