ನಾಳೆಯ ಕಡಲು: ಎತ್ತರ ನೋಡಿದರೆ ಸಾಲದು

ಅತ್ತಿಗೆ, ನೀವು ಹಾಕಿದ ಆ್ಯಪ್‌ನ ಚಿತ್ರ ನೋಡಿದೆ. ನಾಳೆ ಅಲೆಯ ಎತ್ತರ 1.2 ಮೀಟರ್, ಅವಧಿ 14 ಸೆಕೆಂಡ್, ಮಧ್ಯಾಹ್ನ ಒಂದಕ್ಕೆ ತುಂಬು ಉಬ್ಬರ, ಸಂಜೆ ಏಳರ ಸುಮಾರಿಗೆ ಪೂರ್ತಿ ಇಳಿತ. ಊಟ ಮುಗಿಸಿಕೊಂಡು ಮೂರಕ್ಕೆ ಮಕ್ಕಳನ್ನು ನೀರಿಗಿಳಿಸಬಹುದೇ ಎಂದು ಕೇಳಿದ್ದೀರಿ. ತಮ್ಮ ಅದರ ಕೆಳಗೇ "ಎದೆಮಟ್ಟದ ಅಲೆ, ಹೆದರುವುದಕ್ಕೇನಿದೆ" ಎಂದು ಬರೆದಿದ್ದಾನೆ. ಅವನು ನೋಡಿದ್ದು 1.2 ಅನ್ನು ಮಾತ್ರ. ನನಗೆ ಯೋಚನೆ ಹತ್ತಿಸಿದ್ದು ಪಕ್ಕದ 14.

ಒಂದು ಅಲೆ ಬಂದು ಹೋದ ಮೇಲೆ ಇನ್ನೊಂದು ಬರುವುದಕ್ಕೆ ಹಿಡಿಯುವ ಹೊತ್ತು ಅದು. ಐದಾರು ಸೆಕೆಂಡಿನದ್ದಾದರೆ ಹತ್ತಿರದ ಗಾಳಿ ಎಬ್ಬಿಸಿದ ಪುಡಿ ಅಲೆ, ಗಲಾಟೆಯೇ ಹೆಚ್ಚು. 14 ಸೆಕೆಂಡಿನದು ಎಲ್ಲೋ ದೂರದ ಬಿರುಗಾಳಿಯಲ್ಲಿ ಹುಟ್ಟಿ ಬಂದದ್ದು. ಆಳ ಕಡಲಿನಲ್ಲಿ ಅದರ ಒಂದು ತಲೆಯಿಂದ ಮುಂದಿನ ತಲೆಗೆ 300 ಮೀಟರ್ ಅಂತರವಿರುತ್ತದೆ. ಅಷ್ಟು ಉದ್ದದ ಅಲೆ ದಡದ ಹತ್ತಿರ ನೆಲ ತಾಗಿದಾಗ ಮೇಲೇಳುತ್ತದೆ, ಮುರಿದ ಮೇಲೂ ಮರಳಿನ ಮೇಲೆ ಬಹಳ ದೂರ ನುಗ್ಗುತ್ತದೆ. ಇನ್ನೂ ಒಂದು ಮಾತು: ಆ 1.2 ಎಂಬುದು ಗರಿಷ್ಠವಲ್ಲ, ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಕೆಲವು ಗಂಟೆ ಅಲ್ಲೇ ಇದ್ದರೆ ಅದರ ಎರಡು ಪಟ್ಟಿನ ಹತ್ತಿರದ್ದೊಂದು ಬರುವುದು ಸಹಜ. ಇಂಥ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಕೆಲವು ನಿಮಿಷ ಕಡಲು ತೆಪ್ಪಗಿರುತ್ತದೆ. ಜನ ನೀರಿಗಿಳಿಯುವುದು ಸರಿಯಾಗಿ ಆ ನಿಮಿಷಗಳಲ್ಲೇ.

ಇನ್ನು ಮೂರು ಗಂಟೆಯ ವಿಷಯ. ಇಳಿತ ಒಂದೇ ಸಮನೆ ಆಗುವುದಿಲ್ಲ. ಆರು ಗಂಟೆಯ ಇಳಿತದಲ್ಲಿ ಅರ್ಧದಷ್ಟು ನೀರು ನಡುವಿನ ಎರಡು ಗಂಟೆಯಲ್ಲೇ ಇಳಿದುಹೋಗುತ್ತದೆ. ಅಂದರೆ ಮೂರರಿಂದ ಐದು. ಅಮಾವಾಸ್ಯೆ ನಿನ್ನೆ ತಾನೇ ಕಳೆದಿದೆ, ಏರಿಳಿತ ಎರಡೂ ಜೋರಾಗಿರುವ ದಿನಗಳಿವು. ಅಲೆಗಳು ದಡಕ್ಕೆ ತಂದು ಸುರಿದ ನೀರು ಇಳಿತದ ಹೊತ್ತಿನಲ್ಲಿ ಮರಳು ದಿಬ್ಬಗಳ ನಡುವಿನ ತಗ್ಗು ಹಿಡಿದು ಹೊರಗೆ ಓಡುತ್ತದೆ. ಆ ಸೆಳೆತ ಜೋರಾದಾಗ ಸೆಕೆಂಡಿಗೆ ಎರಡು ಮೀಟರ್ ದಾಟುವುದೂ ಉಂಟು. ಒಲಿಂಪಿಕ್ ಈಜುಗಾರನೂ ಅದಕ್ಕೆದುರಾಗಿ ದಡ ಸೇರಲಾರ.

ತಮ್ಮಾ, ಇದನ್ನು ನೀನು ಗಮನವಿಟ್ಟು ಕೇಳು. ಸೆಳೆತವಿರುವ ಜಾಗವೇ ನೋಡಲು ಎಲ್ಲಕ್ಕಿಂತ ಸೌಮ್ಯವಾಗಿರುತ್ತದೆ. ಎರಡೂ ಪಕ್ಕ ಅಲೆಗಳು ಬೆಳ್ಳಗೆ ಮುರಿಯುತ್ತಿರುತ್ತವೆ, ನಡುವೆ ಒಂದು ಪಟ್ಟಿ ಮಾತ್ರ ಕಪ್ಪಾಗಿ ನಯವಾಗಿ ಕಾಣುತ್ತದೆ. ಅದರ ಮೇಲಿನ ನೊರೆಯನ್ನೇ ನೋಡುತ್ತಿರು, ಮೆಲ್ಲಗೆ ಹೊರಗೆ ಸಾಗುತ್ತಿರುತ್ತದೆ. ಕದಡಿದ ಮರಳೂ ಜೊತೆಗೆ. "ಇಲ್ಲಿ ಅಲೆಯೇ ಇಲ್ಲ" ಎಂದು ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡಬೇಡ. ತೇಲು, ಕೈ ಎತ್ತಿ ಕರೆ, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಪಕ್ಕಕ್ಕೆ ಸರಿ.

ಆದ್ದರಿಂದ ಮಧ್ಯಾಹ್ನ ಬೇಡ ಅತ್ತಿಗೆ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಇಟ್ಟುಕೊಳ್ಳೋಣ. ನೀರು ಏರುತ್ತಿರುತ್ತದೆ, ಕಡಲಗಾಳಿ ಇನ್ನೂ ಎದ್ದಿರುವುದಿಲ್ಲ, ಅಲೆಯ ಮುಖ ಕೆದರದೆ ನೇರವಾಗಿರುತ್ತದೆ. ತಮ್ಮನ ಸರ್ಫಿಂಗ್ ಹಲಗೆಗೂ ಅದೇ ಒಳ್ಳೆಯ ಹೊತ್ತು, ಕಾಲಿನ ಹಗ್ಗ ಕಟ್ಟಿಕೊಂಡರೆ. ಆಗಲೂ ಮಕ್ಕಳಿಗೆ ಮೊಣಕಾಲು ನೀರಷ್ಟೇ, ಅದೂ ಕೈ ಹಿಡಿದುಕೊಂಡು, ಜೀವರಕ್ಷಕರು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆ. ಬರಿಯ ಕೆಂಪು ಬಾವುಟ ಹಾರಿಸಿದ್ದರೆ ಮರಳಿನಲ್ಲೇ ಆಟ. ಹನ್ನೆರಡರ ಹೊತ್ತಿಗೆ ಚಾಪೆ, ಚೀಲ ಎತ್ತಿಬಿಡೋಣ, ಈ ಉಬ್ಬರಕ್ಕೆ ಮರಳು ಹೆಚ್ಚು ಉಳಿಯುವುದಿಲ್ಲ. ಗುಡುಗು ಕೇಳಿಸಿದರೆ ಅದಕ್ಕೂ ಮೊದಲೇ ಹೊರಡುವುದು.

ನೀರಿಗಿಳಿಯುವ ಮುಂಚೆ ಕಾಲು ಗಂಟೆ ದಡದಲ್ಲೇ ನಿಂತು ನೋಡುತ್ತೇನೆ, ಆ ಹೊತ್ತಿನಲ್ಲಿ ಯಾರೂ ಅವಸರ ಮಾಡಬೇಡಿ. ಎಂಟು ಗಂಟೆಗೆ ಹೊರಡುವುದು ಎಲ್ಲರಿಗೂ ಆಗುತ್ತದೆಯೇ ಎಂದು ಇವತ್ತು ರಾತ್ರಿಯೊಳಗೆ ತಿಳಿಸಿ.